ಡಿಸ್ಕಿನ ವಿಳಂಬ ಹುಟ್ಟುವುದೆಲ್ಲಿ? ಲಿನಕ್ಸ್ ಕರ್ನಲ್‌ನ ತಪಾಸಣಾ ಸಾಧನಗಳಲ್ಲಿ ಬೆಂಗಳೂರಿನ ಪಾಲು

ಕಂಪ್ಯೂಟರ್ ತಡವರಿಸಿದರೆ ಡಿಸ್ಕನ್ನು ದೂರುವುದು ಸುಲಭ. ವಿಳಂಬ ಎಲ್ಲಿ ಹುಟ್ಟಿತೆಂದು ತೋರಿಸಿಕೊಡುವುದು ಕಷ್ಟ. ಲಿನಕ್ಸ್ ಕರ್ನಲ್‌ನಲ್ಲಿ ಅದನ್ನು ತೋರಿಸಬಲ್ಲ ಮುಖ್ಯ ಸಾಧನಗಳು 2002 ಮತ್ತು 2006ರ ನಡುವೆ ರೂಪುಗೊಂಡವು. ಅವುಗಳಲ್ಲಿ ಎರಡರ ಹಿಂದೆ ಬೆಂಗಳೂರಿನ ಎಂಜಿನಿಯರುಗಳ ದುಡಿಮೆಯಿದೆ. ಕಂಪನಿ, ಕಟ್ಟಡ, ರಫ್ತುಗಳ ಸುತ್ತಲೇ ಬರೆಯಲಾಗುವ ನಮ್ಮ ತಂತ್ರಜ್ಞಾನ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಜಾಗ ಸಿಕ್ಕಿಲ್ಲ.

2002ರ ಅಕ್ಟೋಬರ್‌ನಲ್ಲಿ ಹೊರಬಂದ 2.5.41ನೇ ಆವೃತ್ತಿ ‘ಐಒವೇಟ್’ ಎಂಬ ಅಂಕಿಯನ್ನು ತಂದಿತು. ಡಿಸ್ಕಿನ ಉತ್ತರ ಬಾಕಿಯಿದ್ದು ಸಿಪಿಯು ಕೆಲಸವಿಲ್ಲದೆ ಕುಳಿತ ಸಮಯವನ್ನು ಅದು ಹೇಳುತ್ತದೆ. ಅಂದರೆ ಅದು ಸಿಪಿಯುವಿನ ಲೆಕ್ಕ, ಡಿಸ್ಕಿನದಲ್ಲ. ಆ ಹೊತ್ತಿಗೇ ಇನ್ನೊಂದು ಪ್ರೋಗ್ರಾಂ ಭಾರೀ ಲೆಕ್ಕಾಚಾರಕ್ಕೆ ತೊಡಗಿದರೆ ಸಿಪಿಯು ಖಾಲಿ ಕೂರುವುದಿಲ್ಲ. ಡಿಸ್ಕ್ ಮೊದಲಿನಷ್ಟೇ ನಿಧಾನವಾಗಿದ್ದರೂ ಅಂಕಿ ಇಳಿದುಬಿಡುತ್ತದೆ. ಇದನ್ನು ನೆಚ್ಚಲಾಗದು ಎಂದು ಕರ್ನಲ್‌ನ ಸ್ವಂತ ದಾಖಲೆಯೇ ಹೇಳುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾ ಸ್ಟೇಷನ್ನುಗಳಲ್ಲಿ ಗಾಡಿ ಕಾದವರಿಗೆ ಈ ಕೊರತೆ ತಟ್ಟನೆ ಅರ್ಥವಾದೀತು. ಕೊಂಕಣ ರೈಲ್ವೆಗೆ ಇಲ್ಲಿ ಒಂದೇ ಹಳಿ. ತಡವಾದ ಗಾಡಿ ದಾರಿಯಲ್ಲಿ ನಿಧಾನ ಓಡಿತೋ, ಕ್ರಾಸಿಂಗಿಗೆಂದು ಹಿಂದಿನ ಸ್ಟೇಷನ್ನಿನಲ್ಲೇ ನಿಂತಿತೋ ಎಂಬುದು ಬೇರೆ ಬೇರೆ ಪ್ರಶ್ನೆ. ಡಿಸ್ಕಿಗೆ ಹೋಗುವ ಕೋರಿಕೆಯೂ ಸರದಿಯಲ್ಲಿ ಕಾದಿರಬಹುದು, ಇಲ್ಲವೇ ಸಾಧನದೊಳಗೇ ತಡವಾಗಿರಬಹುದು. ಐಒವೇಟ್ ಇವನ್ನು ಬೇರ್ಪಡಿಸುವುದಿಲ್ಲ.

ಅದೇ ತಿಂಗಳ ಇನ್ನೊಂದು ದಾಖಲೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕರ್ನಲ್ ಸೋರ್ಸ್‌ನ ‘ಕೆಪ್ರೋಬ್ಸ್.ಸಿ’ ಕಡತದ ಆರಂಭದ ಟಿಪ್ಪಣಿಯಲ್ಲಿ ಮೊದಲ ನಮೂದು 2002ರ ಅಕ್ಟೋಬರ್‌ನದು: ರಚನೆ, ವಂಶಿಕೃಷ್ಣ ಎಸ್. ಅದರ ಕೆಳಗೆ, 2004ರ ಮಳೆಗಾಲದ ನಮೂದುಗಳಲ್ಲಿ, ಸುಪರ್ಣಾ ಭಟ್ಟಾಚಾರ್ಯ ಮತ್ತು ಪ್ರಸನ್ನ ಎಸ್. ಪಂಚಮುಖಿ. ಮೂವರೂ ಆಗ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನವರು. ಅವರ ‘ಕೆಪ್ರೋಬ್ಸ್’ನ ಉಪಾಯ ಹೀಗಿತ್ತು: ಓಡುತ್ತಿರುವ ಕರ್ನಲ್‌ನಲ್ಲಿ ಬೇಕಾದ ಆದೇಶದ ಮೊದಲ ಬೈಟನ್ನು ಎತ್ತಿಟ್ಟು, ಅಲ್ಲಿ ಬ್ರೇಕ್‌ಪಾಯಿಂಟ್ ಕೂರಿಸುವುದು. ಸಿಪಿಯು ಅಲ್ಲಿಗೆ ಬಂದೊಡನೆ ತಪಾಸಣೆಯ ಕೋಡ್ ನಡೆಯುತ್ತದೆ. ಬಳಿಕ ಮೂಲ ಆದೇಶದ ನಕಲು ಒಂದೇ ಹೆಜ್ಜೆಯಲ್ಲಿ ನಡೆದು ಕೆಲಸ ಮುಂದುವರಿಯುತ್ತದೆ. ಕರ್ನಲನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ, ಯಂತ್ರವನ್ನು ನಿಲ್ಲಿಸಬೇಕಿಲ್ಲ. ಹಗಲಿಡೀ ಗ್ರಾಹಕರಿರುವ ಸರ್ವರಿನಲ್ಲಿ ಇದರ ಬೆಲೆ ಎಷ್ಟೆಂದು ನಿರ್ವಾಹಕರನ್ನೇ ಕೇಳಬೇಕು. ಕೆಪ್ರೋಬ್ಸ್ 2004ರಲ್ಲಿ 2.6.9ನೇ ಆವೃತ್ತಿ ಸೇರಿತು.

2006ರಲ್ಲಿ ಎರಡು ಸಾಧನಗಳು ಬೆನ್ನುಬೆನ್ನಿಗೆ ಬಂದವು. ಯೆನ್ಸ್ ಆಕ್ಸ್‌ಬೋ ಬರೆದ ‘ಬ್ಲಾಕ್‌ಟ್ರೇಸ್’ (2.6.17) ಪ್ರತಿ ಕೋರಿಕೆಗೂ ಮೊಹರು ಒತ್ತುತ್ತದೆ: ಸರದಿಗೆ ಬಂದಾಗ ‘ಕ್ಯು’, ಸಾಧನಕ್ಕೆ ಕಳಿಸಿದಾಗ ‘ಡಿ’, ಮುಗಿದಾಗ ‘ಸಿ’. ಕ್ಯು–ಡಿ ಅಂತರ ಹೆಚ್ಚಿದ್ದರೆ ಸರದಿಯ ಕಡೆ ನೋಡಬೇಕು, ಡಿ–ಸಿ ಹೆಚ್ಚಿದ್ದರೆ ಸಾಧನದ ಕಡೆ. ಎರಡನೆಯದು, 2.6.18ರಲ್ಲಿ ಬಂದ ‘ಡಿಲೇ ಅಕೌಂಟಿಂಗ್’. ಅಮೆರಿಕದ ಶೈಲಭ್ ನಾಗರ್ ಜೊತೆ ಬೆಂಗಳೂರಿನ ಬಲ್‌ಬೀರ್ ಸಿಂಗ್ ಇದನ್ನು ಕಟ್ಟಿದರು. ಕೋರಿಕೆಯ ಬದಲು ಕಾದವರ ಲೆಕ್ಕವನ್ನು ಇದು ಇಡುತ್ತದೆ: ಪ್ರತಿ ಪ್ರೋಗ್ರಾಂ ಡಿಸ್ಕಿಗಾಗಿ ಎಷ್ಟು ಕಾದಿತು, ಸಿಪಿಯುವಿಗಾಗಿ ಎಷ್ಟು, ಸ್ವಾಪ್‌ನಿಂದ ಪುಟ ಮರಳುವುದಕ್ಕೆ ಎಷ್ಟು.

ಕೆಪ್ರೋಬ್ಸ್‌ಗೆ 2015ರಲ್ಲಿ, ಕರ್ನಲ್‌ನೊಳಗೆ ಸಣ್ಣ ಪ್ರೋಗ್ರಾಂಗಳನ್ನು ಓಡಿಸುವ ‘ಇಬಿಪಿಎಫ್’ ಜೋಡಣೆಯಾಗಿ ಅದರ ಬಳಕೆ ಇನ್ನಷ್ಟು ಹಬ್ಬಿತು. ಡಿಲೇ ಅಕೌಂಟಿಂಗ್ ಮಾತ್ರ, ಅದರ ಹೊರೆ ಉಳಿಸಲೆಂದು, 2021ರ 5.14ನೇ ಆವೃತ್ತಿಯಿಂದ ತಾನಾಗಿ ಚಾಲೂ ಆಗುವುದಿಲ್ಲ. ಬೂಟ್ ಮಾಡುವಾಗ ಕೇಳಿಕೊಳ್ಳಬೇಕು, ಇಲ್ಲವೇ ‘ಕರ್ನಲ್.ಟಾಸ್ಕ್_ಡಿಲೇಆಕ್ಟ್’ ಮೌಲ್ಯವನ್ನು 1 ಮಾಡಬೇಕು. ಹಾಗೆ ಮಾಡದ ಯಂತ್ರದಲ್ಲಿ, ಪ್ರೋಗ್ರಾಂಗಳ ಡಿಸ್ಕ್ ಬಳಕೆ ತೋರಿಸುವ ‘ಐಒಟಾಪ್’ನ ಕಾಯುವಿಕೆಯ ಕಾಲಂನಿಂದ ಡಿಸ್ಕಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಲಾಗದು.