ತುಳುನಾಡಿನ ಅರಸುಮನೆತನಗಳು ಮತ್ತು ನಾಡಿನ ಗುರುತು

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪವು ಹೊರಗಿನವರ ಆಳ್ವಿಕೆಯಲ್ಲಿದ್ದೂ ತನ್ನ ಆಡುನುಡಿಯನ್ನು ಉಳಿಸಿಕೊಂಡಂತೆ, ವಿಜಯನಗರ ಮತ್ತು ಕೆಳದಿಗಳ ಅಧೀನದಲ್ಲಿದ್ದ ತುಳುನಾಡೂ ತನ್ನತನವನ್ನು ಬಿಡಲಿಲ್ಲ. ಮೂಡುಬಿದಿರೆಯ ಚೌಟರು, ಬಂಗಾಡಿಯ ಬಂಗರು, ವೇಣೂರಿನ ಅಜಿಲರು ತುಳುವರ ನಡುವೆ ಆಳುತ್ತಲೇ ಶಾಸನಗಳನ್ನು ಕನ್ನಡದಲ್ಲಿ ಬರೆಸಿದರು. ಸೋದರಿಯ ಮಗನಿಗೆ ಪಟ್ಟ ಸಲ್ಲುವ ಅಳಿಯಸಂತಾನ ಕಟ್ಟನ್ನು ಜೈನರಾಗಿದ್ದೂ ಪಾಲಿಸಿದರು. ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿ, 1604ರ ವೇಣೂರಿನ ಗೊಮ್ಮಟ ಅವರ ವೈಭವವನ್ನು ಸಾರುತ್ತವೆಯಾದರೂ, ಅವರ ಅಭಿರುಚಿಯನ್ನು ಆಪ್ತವಾಗಿ ತೋರುವುದು ಚೌಟರ ಅರಮನೆಯ ಮರದ ಕಂಬ. ಒಂಬತ್ತು ಹೆಣ್ಣುಗಳ ಮೈ ಹೆಣೆದು ಆನೆಯಾಗಿಸಿದ ನವನಾರೀಕುಂಜರ ಅದರಲ್ಲಿದೆ. ಮುಂದೆ ಈ ನಾಡು ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ಬಂದ ಮೇಲೆ, ಕಂದಾಯವನ್ನು ನಗದಾಗಿಯೇ ಕಟ್ಟಬೇಕೆಂಬ ಅದರ ಕಟ್ಟಳೆಗೆ ರೋಸಿದ ರೈತರು 1837ರ ಏಪ್ರಿಲ್‌ನಲ್ಲಿ ಬಂಟ್ವಾಳವನ್ನು ಹಾದು ಮಂಗಳೂರನ್ನು ಹಿಡಿದಾಗ, ಬಂಗ ಮನೆತನದ ನಂದಾವರದ ಲಕ್ಷ್ಮಪ್ಪ ಬಂಗರಸರೂ ಅವರ ಜೊತೆಗೂಡಿದರು. ದಂಗೆ ಅಡಗಿದ ಮೇಲೆ ಬಂಗರಸರು ನೇಣಿಗೇರಿದರು.