ಹೆಸರು ಮಂಗನದು, ಕಡಿತ ಉಣ್ಣಿಯದು

ಹೊಸಪೇಟೆಯಿಂದ ಮಾತಾಡ್ತಿದ್ದೀನಿ. ಹಂಪಿಯ ವಿರೂಪಾಕ್ಷ ಗುಡಿ ಹತ್ರ ಕೋತಿಗಳು ಒಂದರ ಮೈ ಇನ್ನೊಂದು ಕೆದಕಿ ಏನೋ ಹೆಕ್ಕೋದನ್ನ ನೀವೆಲ್ಲ ನೋಡಿರ್ತೀರಿ. ಹಾಗೆ ಹೆಕ್ಕೋದರಲ್ಲಿ ಉಣ್ಣಿಯೂ ಇರುತ್ತೆ. ದರೋಜಿಯ ಕರಡಿ, ಸಂಡೂರು ಕಾಡಿನ ಹಂದಿ, ಕಂಪ್ಲಿ ಕಡೆಯ ಎಮ್ಮೆ, ಯಾವ ಮೈಯಾದರೂ ಉಣ್ಣಿಗೆ ಊಟವೇ. ಈ ಪುಟ್ಟ ಜೀವಿ ಕರ್ನಾಟಕದ ಹೆಸರನ್ನ ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿಸಿದ ಕಥೆ ಇವತ್ತಿನದು. ಅದಕ್ಕೆ ನಾವು ಮಲೆನಾಡಿಗೆ ಹೋಗಬೇಕು.

1957. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಒಂದಾದ ಮೇಲೊಂದು ಸತ್ತವು. ಸುತ್ತಲ ಹಳ್ಳಿಗಳಲ್ಲಿ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಭಾರತಕ್ಕೆ ಕಾಲಿಡದ ಆ ಸೊಳ್ಳೆ ರೋಗ ಬಂದೇಬಿಟ್ಟಿತಾ ಅಂತ ಗಾಬರಿ. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಇದ್ದ ತಂಡಕ್ಕೆ ಸಿಕ್ಕಿದ್ದು ಬೇರೆಯದೇ ವೈರಸ್. ಅದನ್ನ ಹರಡೋದು ಉಣ್ಣಿ, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪೈನಿಜೆರಾ ಅನ್ನೋ ಜಾತಿ.

ಇದರ ಹತ್ತಿರದ ನೆಂಟ ವೈರಸ್ ಇದ್ದದ್ದು ರಷ್ಯಾದ ಕಾಡುಗಳಲ್ಲಿ. ಹಾಗಾದ್ರೆ ವಲಸೆ ಹಕ್ಕಿಗಳು ಹೊತ್ತು ತಂದವಾ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಅವುಗಳ ಮೈಮೇಲಿನ ಉಣ್ಣಿ ಹುಡುಕಿದರು. ಆ ಊಹೆಗೆ ಪುರಾವೆ ಸಿಗಲಿಲ್ಲ.

ಹಳದಿ ಜ್ವರದ ಮೇಲೆ ಕೆಲಸ ಮಾಡಿದ್ದ ಕೊಲಂಬಿಯಾದ ಹೋರ್ಹೆ ಬೋಶೆಲ್ 1969ರಲ್ಲಿ ಹೇಳಿದ್ದು ನಮ್ಮ ಕಾಲಬುಡದ ವಿಷಯ. ಕಾಡು ಕಡಿದು ಗದ್ದೆ ಮಾಡಿದೆವು, ಉಳಿದ ಕಾಡಿಗೆ ದನ ಮೇಯಿಸಲು ಬಿಟ್ಟೆವು. ಬಲಿತ ಉಣ್ಣಿಗೆ ದನದ ರಕ್ತ ಬೇಕಾದಷ್ಟು ಸಿಕ್ತು, ಅದರ ಸಂತಾನ ಬೆಳೀತು. ಎಳೆ ಉಣ್ಣಿಗಳು ಮಂಗನನ್ನೂ ಮನುಷ್ಯನನ್ನೂ ಕಚ್ಚಿದವು. ಮಂಗ ಸತ್ತಾಗ ಅದರ ಮೈಯಿಂದ ಉದುರಿದ ಉಣ್ಣಿಗಳು ಆ ಜಾಗವನ್ನೇ ಅಪಾಯದ ತಾಣ ಮಾಡಿದವು.

ಆದರೂ ಜನ ಇಟ್ಟ ಹೆಸರು 'ಮಂಗನ ಕಾಯಿಲೆ'. ನನಗೆ ಬೇಜಾರು ಇಲ್ಲೇ. ಮಂಗವೂ ನಮ್ಮ ಹಾಗೆ ಕಡಿಸಿಕೊಂಡು ಸತ್ತದ್ದು. ಅದರ ಸಾವೇ ಹಳ್ಳಿಗೆ ಮೊದಲ ಎಚ್ಚರಿಕೆ. ಹೆಸರು ಕೇಳಿ ಮಂಗನನ್ನ ದ್ವೇಷಿಸಿದರೆ ಆ ಎಚ್ಚರಿಕೆ ಯಾರಿಗೂ ಕೇಳಿಸಲ್ಲ.

ಹಲವು ವರ್ಷ ಕೊಟ್ಟ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡಲ್ಲ ಅಂತ 2022ರಲ್ಲಿ ನಿಂತಿತು. ಹಾಗಾಗಿ ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಿಗೆ ಟ್ರೆಕಿಂಗ್ ಹೋಗೋರು ಮೈ ತುಂಬ ಬಟ್ಟೆ ಹಾಕ್ಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಫೋಟೋಗೂ ಹತ್ತಿರ ಹೋಗಬೇಡಿ. ಅರಣ್ಯ ಇಲಾಖೆಗೋ ಆರೋಗ್ಯ ಇಲಾಖೆಗೋ ಒಂದು ಫೋನ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.