‘ಸೆಕೆಂಡ್‌ಹ್ಯಾಂಡ್’ ಪದದಲ್ಲಿ ಭಾರ ಎಲ್ಲಿದೆ?

‘ಸೆಕೆಂಡ್‌ಹ್ಯಾಂಡ್’ ಎಂಬ ಇಂಗ್ಲಿಷ್ ಪದ ಕನ್ನಡಿಗರಿಗೆ ಹೊಸತಲ್ಲ. ಆದರೆ ಇಂಗ್ಲೆಂಡಿನವರು ಅದನ್ನು ಎರಡು ಬಗೆಯಲ್ಲಿ ಉಚ್ಚರಿಸುತ್ತಾರೆ. ಕಾರು ಹೊಸದಲ್ಲ ಎಂದು ಹೇಳುವಾಗ ಈ ಪದ ವಾಕ್ಯದ ಕೊನೆಯಲ್ಲಿ ಬಂದರೆ ದನಿಯ ಮುಖ್ಯ ಒತ್ತು ‘ಹ್ಯಾಂಡ್’ ಮೇಲೆ ಬೀಳುತ್ತದೆ. ‘ಸೆಕೆಂಡ್‌ಹ್ಯಾಂಡ್ ಕಾರ್’ ಎಂದಾಗ ಅದೇ ಒತ್ತು ಹಿಂದಕ್ಕೆ ಸರಿದು ‘ಸೆ’ ಮೇಲೆ ಕೂರುತ್ತದೆ. ‘ಕಾರ್’ ಪದಕ್ಕೂ ತನ್ನದೇ ಒತ್ತು ಇರುವುದರಿಂದ ಎರಡು ಭಾರಗಳು ಒತ್ತಟ್ಟಿಗೆ ಬರುವುದನ್ನು ನಾಲಿಗೆ ತಪ್ಪಿಸುತ್ತದೆ. ಎರಡು ಪದ ಕೂಡಿ ಆದ ಹಲವು ಗುಣವಾಚಕಗಳ ನಡೆ ಇದೇ. ಆದರೆ ‘ವಾಟರ್‌ಪ್ರೂಫ್’, ‘ಹೋಮ್‌ಸಿಕ್’ ಮುಂತಾದವುಗಳಲ್ಲಿ ಒತ್ತು ಸದಾ ಮೊದಲ ಭಾಗದಲ್ಲೇ ಇರುತ್ತದೆ.

ಪದವನ್ನು ಎಲ್ಲಿ ಒಡೆಯಬೇಕು ಎಂಬುದು ಇನ್ನೊಂದು ತೊಡಕು. ‘ಓಲ್ಡ್‌ಫ್ಯಾಷನ್ಡ್’ ಪದಕ್ಕೆ ಮೂರೇ ಉಚ್ಚಾರಾಂಶ. ಕೊನೆಯ ‘ಎಡ್’ ಬರಹದಲ್ಲಿ ಮಾತ್ರ ಉಳಿದಿದೆ. ಹಿಂದೆ ಅದನ್ನು ಬಿಡಿಯಾಗಿ ನುಡಿಯುತ್ತಿದ್ದರು. ಕಾಲಕ್ರಮದಲ್ಲಿ ಆ ಸ್ವರ ಸವೆದುಹೋಯಿತು. ‘ಟ’, ‘ಡ’ ದನಿಗಳ ನಂತರ ಮಾತ್ರ ನಿಂತಿತು. ಹೀಗಾಗಿ ‘ಕೈಂಡ್‌ಹಾರ್ಟೆಡ್’ ಪದದಲ್ಲಿ ‘ಎಡ್’ ಇಂದಿಗೂ ಕೇಳಿಸುತ್ತದೆ.

ಬರಹ ಮುಚ್ಚಿಟ್ಟ ಈ ಗುಟ್ಟನ್ನು ಬಯಲು ಮಾಡಿದವರು ನಿಘಂಟುಕಾರರು ಮತ್ತು ಪಠ್ಯಕಾರರು. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ ಒತ್ತಿಗೆ ಗುರುತು ಹಾಕಿದರು. ಅಮೆರಿಕದ ನೋವಾ ವೆಬ್‌ಸ್ಟರ್ 1783ರ ಕಾಗುಣಿತ ಪುಸ್ತಕದಲ್ಲಿ, ಪದವನ್ನು ಕಿವಿಗೆ ಕೇಳುವಂತೆ ಒಡೆಯಬೇಕೆಂದು ವಾದಿಸಿದರು. ‘ಕ್ಲ-ಸ್ಟರ್’ ಎಂಬ ಹಳೆಯ ವಿಭಜನೆಯನ್ನು ಬಿಟ್ಟು ‘ಕ್ಲಸ್-ಟರ್’ ಎಂದರು. ಲಂಡನ್ನಿನ ಜಾನ್ ವಾಕರ್ 1791ರ ನಿಘಂಟಿನಲ್ಲಿ ಸ್ವರಗಳ ಮೇಲೆ ಅಂಕಿಗಳನ್ನಿಟ್ಟು ಉಚ್ಚಾರಣೆ ತಿಳಿಸಿದರು. ಡೇನಿಯಲ್ ಜೋನ್ಸ್ 1917ರ ಉಚ್ಚಾರಣಾ ನಿಘಂಟಿನಲ್ಲಿ ಅಂತರರಾಷ್ಟ್ರೀಯ ಧ್ವನಿಲಿಪಿಯನ್ನು ಬಳಸಿ, ಒತ್ತು ಬೀಳುವ ಉಚ್ಚಾರಾಂಶದ ಮುಂಚೆಯೇ ಗುರುತು ಇಟ್ಟರು.

ಕನ್ನಡದಲ್ಲಿ ‘ಬಳೆ’ಯನ್ನು ‘ಬಾಳೆ’ಯಿಂದ ಬೇರ್ಪಡಿಸುವುದು ಸ್ವರದ ಉದ್ದ, ಅದು ಅಕ್ಷರದಲ್ಲೇ ಕಾಣುತ್ತದೆ. ದನಿಯ ಒತ್ತು ಬದಲಾದರೆ ಅರ್ಥ ಬದಲಾಗದು. ಇಂಗ್ಲಿಷಿನಲ್ಲಿ ಪದಗಳನ್ನು ಬೆಸೆಯುವ ಅಡ್ಡಗೆರೆ ಕೂಡ ಭಾರ ಎಲ್ಲಿದೆ ಎಂದು ಹೇಳುವುದಿಲ್ಲ. ಪುಸ್ತಕದಿಂದಷ್ಟೇ ಇಂಗ್ಲಿಷ್ ಕಲಿತವರು ಎಲ್ಲ ಉಚ್ಚಾರಾಂಶಗಳಿಗೂ ಸಮಭಾರ ಕೊಟ್ಟರೆ, ವ್ಯಾಕರಣ ಸರಿಯಿದ್ದರೂ ಕೇಳುವವರು ತಡವರಿಸುವುದುಂಟು. ಅಂಥವರಿಗೆ ನಿಘಂಟಿನ ಆ ಪುಟ್ಟ ಗೀಟು ಅರ್ಥದಷ್ಟೇ ಮುಖ್ಯ.